ತೊಟ್ಟಿಲ ಕೂಸಿಗೆ ಹೆಣೆಯುವ ಮುನ್ನ

ಹುಟ್ಟಿದ ಕೂಸಿನ ತಲೆ ಅದರ ಎದೆಗಿಂತ ದೊಡ್ಡದು. ತಲೆಯ ಸುತ್ತಳತೆ 34 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಎದೆಯದು ಒಂದೆರಡು ಸೆಂಟಿಮೀಟರ್ ಕಮ್ಮಿ. ಎರಡೂ ಸಮ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಮಕ್ಕಳ ಡಾಕ್ಟರು ಟೇಪು ಹಿಡಿದು ಅಳೆದು ಬರೆದುಕೊಳ್ಳುವ ಲೆಕ್ಕ ಇದು. ಕೂಸಿಗೊಂದು ಸ್ವೆಟರ್ ಹಾಕಿಕೊಡೋಣ ಎಂದು ಉಲ್ಲನ್ ದಾರ, ಕಡ್ಡಿ ತೆಗೆದುಕೊಂಡು ಕೂತವರು ಮೊದಲು ತಿಳಿಯಬೇಕಾದ ಲೆಕ್ಕವೂ ಇದೇ.

ದೊಡ್ಡವರ ಸ್ವೆಟರಿನ ಅಳತೆಯನ್ನು ಕುಗ್ಗಿಸಿಬಿಟ್ಟರೆ ಕೂಸಿನ ಸ್ವೆಟರ್ ಆಗುವುದಿಲ್ಲ. ನಮಗೆ ಎದೆ ಅಗಲ, ತಲೆ ಸಣ್ಣದು. ಮೈಗೆ ಆಗುವ ಬಟ್ಟೆ ತಲೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಕೂಸಿನ ಮೈ ಅಳತೆಗೆ ಹೆಣೆದರೆ ಕೊರಳಿನಲ್ಲಿ ತಲೆಯೇ ತೂರುವುದಿಲ್ಲ. ಸಾಲದ್ದಕ್ಕೆ ಮೂರು ನಾಲ್ಕು ತಿಂಗಳು ತುಂಬುವವರೆಗೆ ಕತ್ತು ನಿಂತಿರುವುದಿಲ್ಲ. ಒಂದು ಕೈಯಲ್ಲಿ ಕತ್ತಿಗೆ ಆಸರೆ ಕೊಟ್ಟು, ಇನ್ನೊಂದು ಕೈಯಲ್ಲಿ ಬಿಗಿ ಕೊರಳನ್ನು ಹಿಗ್ಗಿಸಿ, ಅಳುವ ಮುಖದ ಮೇಲಿಂದ ಉಲ್ಲನ್ನು ಎಳೆಯುವುದು ಯಾವ ಬಾಣಂತಿಗೂ ಬೇಡದ ಕೆಲಸ. ಅಂಥ ಸ್ವೆಟರ್ ಒಮ್ಮೆ ಫೋಟೊಗೆ ಹಾಕಿಸಿಕೊಂಡು ಬೀರು ಸೇರುತ್ತದೆ. ವಾರಗಟ್ಟಲೆ ಕಣ್ಣು ಕೀಲಿಸಿ ಹೆಣೆದವರ ಶ್ರಮ ಅಲ್ಲಿಗೆ ಮುಗಿಯಿತು.

ಹೆಣೆಯುವಾಗ ಕಣ್ಣ ಮುಂದೆ ನಾಮಕರಣಕ್ಕೆ ಬರುವ ನೆಂಟರಿದ್ದರೆ ಹೀಗಾಗುತ್ತದೆ. ಕೈಯಾರೆ ಮಾಡಿದ ಉಡುಗೊರೆ ಮೊದಲು ಕೂಸಿನ ಮೈಗೆ ಒಗ್ಗಬೇಕು, ಆಮೇಲೆ ದಿನಕ್ಕೆ ಹತ್ತು ಸಲ ಬಟ್ಟೆ ಬದಲಿಸುವ ಕೈಗೆ, ಅದನ್ನು ಒಗೆಯುವ ಕೈಗೆ ಒಗ್ಗಬೇಕು. ನೋಡುವವರ ಕಣ್ಣಿಗೆ ಚೆಂದ ಕಾಣುವುದು ಇಷ್ಟೆಲ್ಲ ಆದ ಮೇಲಿನ ಮಾತು.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೂಸಿನ ಜಬಲಾ ಬೆನ್ನಿಗೋ ಎದೆಯ ಮಗ್ಗುಲಿಗೋ ಲಾಡಿ ಕಟ್ಟುವಂಥದ್ದು. ಮಲಗಿಸಿದಲ್ಲೇ ಒಂದೊಂದು ತೋಳು ತೂರಿಸಿ ಕಟ್ಟಿದರೆ ಆಯಿತು. ಉತ್ತರ ಕರ್ನಾಟಕದ ಕುಂಚಿಗೆಯನ್ನು ನೋಡಿ. ತಲೆಗೆ ಟೋಪಿ, ಆ ಟೋಪಿಗೇ ಕೂಡಿಕೊಂಡು ಬೆನ್ನ ಮೇಲೆ ಇಳಿಬಿದ್ದ ಬಟ್ಟೆ. ತಲೆ, ಕಿವಿ, ಬೆನ್ನು ಮೂರನ್ನೂ ಒಂದೇ ಉಡುಪು ಮುಚ್ಚುತ್ತದೆ, ತೊಡಿಸಲು ಕೂಸನ್ನು ಎತ್ತಿ ಕೂರಿಸಬೇಕಾದ್ದೂ ಇಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ, ಕುಲಾವಿಗಳನ್ನು ಇಂದಿಗೂ ತೊಟ್ಟಿಲ ಶಾಸ್ತ್ರಕ್ಕೆ ಮುತುವರ್ಜಿಯಿಂದ ಕೊಡುತ್ತಾರೆ. ಚುಚ್ಚದಂತೆ ಒಳಗೆ ಮೆತ್ತನೆಯ ಹತ್ತಿಬಟ್ಟೆಯ ಅಸ್ತರು ಕೊಡಿಸುವುದನ್ನು ಮಾತ್ರ ಮರೆಯಬಾರದು.

ಕೂಸಿನ ಕೊರಳು ಹೆಣೆಯುವವರನ್ನು ಕಾಡಿದ್ದು ಇಂದು ನಿನ್ನೆಯ ವಿಷಯವಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದ ಕಲಾ ಸಂಗ್ರಹಾಲಯದಲ್ಲಿ ಮಾಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರ 1400ರ ಆಸುಪಾಸಿನಲ್ಲಿ ಬರೆದ ಒಂದು ಚಿತ್ರವಿದೆ. ತಾಯಿ ಮೇರಿ ಪುಟ್ಟ ಯೇಸುವಿಗೆ ಅಂಗಿ ಹೆಣೆಯುತ್ತಿದ್ದಾಳೆ. ಆಕೆಯ ಕೈಯಲ್ಲಿರುವುದು ಎರಡು ಕಡ್ಡಿಗಳಲ್ಲ. ಕೊರಳ ಸುತ್ತ ಕುಣಿಕೆ ಎತ್ತಿಕೊಂಡು ನಾಲ್ಕು ಕಡ್ಡಿಗಳ ಮೇಲೆ ಸುತ್ತಿನಲ್ಲಿ ಹೆಣೆಯುತ್ತಿದ್ದಾಳೆ. ಹೊಲಿಗೆಯ ಗಂಟು ಎಲ್ಲೂ ಬಾರದ ಹಾಗೆ ಹೆಣೆಯುವ ಈ ಕ್ರಮವನ್ನು ಕಾಲುಚೀಲ ಹಾಕುವವರು ಇವತ್ತಿಗೂ ಹಾಗೆಯೇ ಪಾಲಿಸುತ್ತಾರೆ. ಆರು ಶತಮಾನಗಳ ಹಿಂದಿನ ಒಬ್ಬ ಚಿತ್ರಕಾರ ತಾಯ್ತನವನ್ನು ಬರೆಯಲು ಹೊರಟು ಕೂಸಿನ ಅಂಗಿಯ ಕೊರಳನ್ನು ಇಷ್ಟು ನಿಖರವಾಗಿ ನೋಡಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನೊಂದು ಜಾಣ ಪರಿಹಾರ ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂತು. ಇಂಗ್ಲೆಂಡಿನಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಎಲಿಜಬೆತ್ ಝಿಮ್ಮರ್‌ಮನ್ 1968ರಲ್ಲಿ ಕೂಸಿನ ಒಂದು ಕೋಟು ರೂಪಿಸಿದರು. ಅದರ ಹೆಸರು ‘ಬೇಬಿ ಸರ್‌ಪ್ರೈಸ್ ಜಾಕೆಟ್’. ಹೆಣೆಯುವಷ್ಟು ಹೊತ್ತೂ ಅದು ಏನೆಂದು ತಿಳಿಯದ ಒಂದೇ ವಕ್ರ ತುಂಡು. ಎಲ್ಲ ಸಾಲೂ ಸೀದಾ ಹೆಣಿಗೆ, ಉಲ್ಟಾ ಹಾಕುವ ಗೋಜಿಲ್ಲ. ಮುಗಿಸಿ ಕಡ್ಡಿಯಿಂದ ತೆಗೆದು ಎರಡು ಕಡೆ ಮಡಚಿದರೆ ತೋಳು, ಬೆನ್ನು, ಎದೆ ಎಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಹೊಲಿಯಬೇಕಾದ್ದು ಎರಡು ಭುಜಗಳನ್ನು ಮಾತ್ರ. ಮುಂದೆ ಪೂರ್ತಿ ತೆರೆದಿರುತ್ತದೆ. ಸೀದಾ ಹೆಣಿಗೆ ಎರಡೂ ದಿಕ್ಕಿಗೆ ಹಿಗ್ಗುವುದರಿಂದ ಕೂಸು ಬೆಳೆದಂತೆ ಕೋಟೂ ಒಂದಷ್ಟು ಕಾಲ ಜೊತೆಗೆ ಹಿಗ್ಗುತ್ತದೆ. ಜಗತ್ತಿನಾದ್ಯಂತ ಹೆಣೆಯುವವರು ಐವತ್ತು ವರ್ಷಗಳಿಂದ ಇದನ್ನು ಬಿಡದೆ ಹಾಕುತ್ತಿರುವುದಕ್ಕೆ ಕಾರಣ ಇಷ್ಟೇ: ತೊಡಿಸುವುದು ಸುಲಭ, ತೆಗೆಯುವುದು ಸುಲಭ.

ಈಗ ದಾರದ ಮಾತು. ನಮ್ಮ ಅಂಗಡಿಗಳಲ್ಲಿ ‘ಬೇಬಿ ಉಲ್ಲನ್’ ಎಂದು ಕೊಡುವುದರಲ್ಲಿ ಬಹುಪಾಲು ಉಣ್ಣೆಯೇ ಅಲ್ಲ, ಅಕ್ರಿಲಿಕ್. ಅದು ಅಗ್ಗ, ಮೆತ್ತಗೆ ಇರುತ್ತದೆ, ಬಣ್ಣ ಬೇಕಾದಷ್ಟು, ಮೆಶಿನ್ನಿಗೆ ಹಾಕಿದರೂ ಕುಗ್ಗುವುದಿಲ್ಲ. ಆದರೆ ಬೆವರು ಹೀರುವುದಿಲ್ಲ, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೂಸಿಗೆ ನೀರೆರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಲೆಗೆ ಹೊಗೆ ಹಿಡಿಯುವ, ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮನೆಗೆ ಉದ್ದುದ್ದ ಕುಚ್ಚು ಬಿಟ್ಟ ಅಕ್ರಿಲಿಕ್ ಶಾಲು ಕೊಡಬೇಡಿ. ನಿಜವಾದ ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಬೇಗ ಆರುತ್ತದೆ. ಒದ್ದೆ ಅನಿಸದಂತೆ ಸಾಕಷ್ಟು ತೇವ ಹೀರಿಕೊಳ್ಳುವ ಗುಣವೂ ಅದಕ್ಕಿದೆ.

ಉಣ್ಣೆ ಎಂದ ಮಾತ್ರಕ್ಕೆ ಎಲ್ಲ ಉಣ್ಣೆಯೂ ಕೂಸಿಗೆ ಆಗದು. ಎಳೆಯ ದಪ್ಪ 30 ಮೈಕ್ರಾನ್ ದಾಟಿದರೆ ಅದರ ತುದಿ ಚರ್ಮಕ್ಕೆ ಚುಚ್ಚುತ್ತದೆ. ಮೆರಿನೊ ಕುರಿಯ ಎಳೆ 24 ಮೈಕ್ರಾನ್‌ಗಿಂತ ಸಣ್ಣದು. ಚಳ್ಳಕೆರೆಯ ಕಡೆ ಕಂಬಳಿ ನೇಯುವ ನಮ್ಮ ದಖನಿ ಕುರಿಯ ಉಣ್ಣೆ ಇದಕ್ಕಿಂತ ಬಹಳ ಒರಟು. ಮಳೆಯಲ್ಲಿ ಕುರಿ ಕಾಯುವವರ ಹೆಗಲಿಗೆ ಅದರಂಥ ಬಟ್ಟೆ ಇನ್ನೊಂದಿಲ್ಲ, ಎಳೆಗೂಸಿನ ಬರಿಮೈಗೆ ಅದು ಸಲ್ಲದು. ಮೊಲದ ರೋಮದ ಅಂಗೋರಾ, ಮೇಕೆಯ ಮೊಹೇರ್ ಇವನ್ನೂ ಬಿಡಿ. ಉದುರುವ ನವಿರು ಕೂಸಿನ ಬಾಯಿಗೆ, ಮೂಗಿಗೆ ಹೋಗುತ್ತದೆ.

ಒಗೆಯುವ ಕಷ್ಟ ಇನ್ನೊಂದು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗಿಬಿಡುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಕೂಸಿನ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಒಗೆಯುವುದು ನಮ್ಮ ಮನೆಗಳ ರೂಢಿ. ಹಾಗಾಗಿ ಉಣ್ಣೆ ಕೊಳ್ಳುವುದಾದರೆ ಹುರುಪೆಗಳನ್ನು ಸವರಿ ಸಿದ್ಧಪಡಿಸಿದ ‘ಸೂಪರ್‌ವಾಶ್’ ದಾರ ಕೇಳಿ ಪಡೆಯಿರಿ. ಇಲ್ಲದಿದ್ದರೆ ‘ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ, ನೆರಳಲ್ಲಿ ಹಾಸಿ ಒಣಗಿಸಿ’ ಎಂದು ಚೀಟಿ ಬರೆದು ಉಡುಗೊರೆಯ ಜೊತೆಗಿಡಿ. ಅಕ್ರಿಲಿಕ್ ಆದರೆ ‘ಇಸ್ತ್ರಿ ಬೇಡ’ ಎಂದು ಬರೆಯಿರಿ.

ಮಂಗಳೂರು, ಕಾರವಾರ, ಉಡುಪಿಯ ಸೆಕೆಗೆ ಉಲ್ಲನ್ನೇ ಬೇಡ. ಅಲ್ಲಿಗೆ ಹತ್ತಿ ದಾರದ ಕ್ರೋಶಾ ಟೋಪಿ, ತೆಳು ಹೊದಿಕೆ ಸಾಕು. ಮಡಿಕೇರಿ, ಚಿಕ್ಕಮಗಳೂರು, ಬೀದರ್, ಬೆಳಗಾವಿಯ ಚಳಿಗೆ ಸ್ವೆಟರ್ ನಿಜಕ್ಕೂ ಬೇಕು. ಬೆಂಗಳೂರಿಗೆ ತೆಳ್ಳನೆಯದು ಒಂದಿದ್ದರೆ ಸಾಲುತ್ತದೆ.

ಅಳತೆಯ ವಿಷಯಕ್ಕೆ ಬರೋಣ, ಎಲ್ಲಕ್ಕಿಂತ ಹೆಚ್ಚು ಸ್ವೆಟರುಗಳು ಕೆಡುವುದು ಇಲ್ಲಿಯೇ. ಮೂರು ತಿಂಗಳ ಕೂಸಿಗೆ ಟೋಪಿ ಹಾಕುತ್ತೀರಿ ಎಂದುಕೊಳ್ಳಿ. ತಲೆ ಸುಮಾರು 40 ಸೆಂಟಿಮೀಟರ್. ಟೋಪಿ ಸ್ವಲ್ಪ ಹಿಗ್ಗಿ ತಲೆಗೆ ಹಿಡಿದುಕೊಳ್ಳಬೇಕು, ಆದ್ದರಿಂದ 37 ಇರಲಿ. ನಾಲ್ಕೆಳೆಯ ದಾರ, 10ನೇ ನಂಬರಿನ ಕಡ್ಡಿ, ಅಂದರೆ 3.25 ಮಿಲಿಮೀಟರ್. ನಮ್ಮ ಅಂಗಡಿಯ ಕಡ್ಡಿಗಳಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8ನೇ ನಂಬರು 4 ಮಿಲಿಮೀಟರ್ ಇರುತ್ತದೆ. ಈ ದಾರಕ್ಕೆ ಈ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 28 ಕುಣಿಕೆ ಬರುವುದು ವಾಡಿಕೆ. ಹಾಗಾದರೆ 37 ಸೆಂಟಿಮೀಟರಿಗೆ 104 ಕುಣಿಕೆ. ನೆತ್ತಿಯಲ್ಲಿ ಎಂಟು ಕಡೆ ಇಳಿಸುತ್ತ ಹೋಗುವುದಕ್ಕೂ ಇದು ಅನುಕೂಲದ ಸಂಖ್ಯೆ, ಒಂದೊಂದು ಪಾಲಿಗೆ 13 ಬರುತ್ತದೆ.

ಇದೆಲ್ಲ ಪುಸ್ತಕದ ಲೆಕ್ಕ. ನಿಮ್ಮ ಕೈ ಸಡಿಲವಾಗಿದ್ದು 10 ಸೆಂಟಿಮೀಟರಿಗೆ 26 ಕುಣಿಕೆಯಷ್ಟೇ ಬಂದರೆ ಅದೇ 104 ಕುಣಿಕೆಯ ಟೋಪಿ 40 ಸೆಂಟಿಮೀಟರ್ ಆಗುತ್ತದೆ. ಅದು ತಲೆಗೆ ಹಿಡಿಯದೆ ಜಾರಿ ಕೂಸಿನ ಕಣ್ಣು, ಮೂಗು ಮುಚ್ಚುತ್ತದೆ. ಕೈ ಬಿಗಿಯಾಗಿದ್ದು 30 ಬಂದರೆ ಟೋಪಿ 35ಕ್ಕಿಂತ ಕಮ್ಮಿಗೆ ಇಳಿದು ಹಣೆಯ ಮೇಲೆ ಬರೆ ಮೂಡುತ್ತದೆ. ಒಂದು ಅಂಗೈಯಗಲದಲ್ಲಿ ಎರಡೇ ಕುಣಿಕೆಯ ವ್ಯತ್ಯಾಸ ಇಷ್ಟು ದೂರ ಒಯ್ಯುತ್ತದೆ. ಅದಕ್ಕೇ ಮೊದಲು ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಅದರ ನಡುಭಾಗದಲ್ಲಿ ಅಳೆಯಬೇಕು. ಅಂಚಿನಲ್ಲಿ ಅಳೆದರೆ ತಪ್ಪು ಬರುತ್ತದೆ. ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಚುಕಿ ನೋಡುವ ನಾವು, ಹೆಣಿಗೆಯಲ್ಲಿ ಮಾತ್ರ ಈ ಹಂತವನ್ನು ಹಾರಿಸಿಬಿಡುತ್ತೇವೆ.

ಯಾವ ವಯಸ್ಸಿನ ಅಳತೆಗೆ ಹೆಣೆಯಬೇಕು? ಕ್ಯಾಲೆಂಡರ್ ನೋಡಿ ನಿರ್ಧರಿಸಿ. ಹುಟ್ಟುವಾಗ 50 ಸೆಂಟಿಮೀಟರ್ ಉದ್ದವಿದ್ದ ಕೂಸು ವರ್ಷ ತುಂಬುವಾಗ 75 ಆಗಿರುತ್ತದೆ. ತೂಕ ಐದು ತಿಂಗಳಿಗೇ ಎರಡರಷ್ಟು. ಏಪ್ರಿಲ್‌ನಲ್ಲಿ ಹುಟ್ಟಿದ ಕೂಸಿಗೆ ಸ್ವೆಟರ್ ಬೇಕಾಗುವುದು ಡಿಸೆಂಬರಿನಲ್ಲಿ, ಅಷ್ಟರಲ್ಲಿ ಅದಕ್ಕೆ ಎಂಟು ತಿಂಗಳು. ಎದೆ 44 ಸೆಂಟಿಮೀಟರ್ ಇದ್ದೀತು. ಒಳಗೊಂದು ಅಂಗಿ, ಕೈಕಾಲು ಆಡಿಸುವ ಜಾಗ ಸೇರಿ ಸ್ವೆಟರಿನ ಸುತ್ತಳತೆ ಹತ್ತಿರ ಹತ್ತಿರ 50 ಬೇಕು. ನಾಮಕರಣದ ದಿನ ಅದು ಕೂಸಿಗೆ ದೊಗಲೆಯಾಗಿ ಕಂಡರೆ ಕಾಣಲಿ. ಆ ದಿನಕ್ಕೆ ಸರಿಯಾಗಿ ಕೂರುವ ಸ್ವೆಟರ್ ಮುಂದಿನ ತಿಂಗಳಿಗೆ ಬಿಗಿಯಾಗುತ್ತದೆ.

ಕಾಲುಚೀಲ, ಕೈಚೀಲ ಹೆಣೆದವರು ಕೊಡುವ ಮುನ್ನ ಒಮ್ಮೆ ಒಳಮಗ್ಗುಲು ಹೊರಗೆ ಮಾಡಿ ನೋಡಲೇಬೇಕು. ಎರಡು ಬಣ್ಣದಲ್ಲಿ ಹೂವೋ ಗೆರೆಯೋ ಹಾಕಿದ್ದರೆ ಒಳಗೆ ಒಂದು ಹೂವಿನಿಂದ ಇನ್ನೊಂದಕ್ಕೆ ದಾಟುವ ಸಡಿಲ ಎಳೆಗಳು ಇರುತ್ತವೆ. ಕೂಸಿನ ಕಾಲ್ಬೆರಳು ಆ ಎಳೆಯೊಳಗೆ ತೂರಿ, ಒದ್ದಂತೆಲ್ಲ ಎಳೆ ಬಿಗಿಯುತ್ತ ಹೋಗಿ ರಕ್ತ ಓಡಾಟವೇ ನಿಲ್ಲಬಹುದು. ಕೂದಲೆಳೆ ಸುತ್ತಿಕೊಂಡರೂ ಇದೇ ಅಪಾಯವೆಂದು ಮಕ್ಕಳ ಡಾಕ್ಟರು ಎಚ್ಚರಿಸುತ್ತಾರೆ. ಕೂಸು ಯಾಕೆ ಅಳುತ್ತಿದೆ ಎಂದು ಮನೆಮಂದಿಗೆ ತಿಳಿಯುವ ಹೊತ್ತಿಗೆ ಬೆರಳು ಊದಿರುತ್ತದೆ. ಆದ್ದರಿಂದ ಕಾಲುಚೀಲಕ್ಕೆ ಒಂದೇ ಬಣ್ಣ ಇರಲಿ, ದಾರದ ತುದಿಗಳನ್ನು ಹೆಣಿಗೆಯೊಳಗೇ ಹಿಂದೆ ಮುಂದೆ ತೂರಿಸಿ ಕತ್ತರಿಸಿ. ಗುಂಡಿಯನ್ನು ಎರಡು ಸಲ ಹೊಲಿದು, ನಿಮ್ಮ ಬಲವೆಲ್ಲ ಹಾಕಿ ಎಳೆದು ನೋಡಿ. ಕಿತ್ತು ಬಂದ ಗುಂಡಿ ನೇರ ಬಾಯಿಗೆ ಹೋಗುತ್ತದೆ. ಕುಲಾವಿಯ ಲಾಡಿ ಗಿಡ್ಡವಾಗಿರಲಿ. ಕನ್ನಡಿ ಚೂರು, ಮಣಿ, ಜರಿ ಇವು ಎಷ್ಟೇ ಅಂದವಿದ್ದರೂ ಗೋಡೆಯ ತೂಗುಪಟಕ್ಕೆ ಮೀಸಲು.

ಇಷ್ಟು ಮಾಡಿ ಕೊಟ್ಟ ಮೇಲೂ ಹೇಳಬೇಕಾದ ಒಂದು ಮಾತಿದೆ, ಕೊಡುವವರೇ ಹೇಳಿದರೆ ಒಳ್ಳೆಯದು. ಮನೆಯೊಳಗೆ ಮಲಗಿದ ಕೂಸಿನ ತಲೆಯ ಮೇಲೆ ಟೋಪಿ ಬೇಡ. ಮೈಯ ಹೆಚ್ಚಿನ ಕಾವನ್ನು ಕೂಸು ಬಹುಮಟ್ಟಿಗೆ ತಲೆಯಿಂದಲೇ ಹೊರಹಾಕುತ್ತದೆ, ಅದನ್ನು ಮುಚ್ಚಿದರೆ ಮೈ ವಿಪರೀತ ಬಿಸಿಯಾಗುತ್ತದೆ. ವರ್ಷ ತುಂಬುವವರೆಗೆ ನಿದ್ದೆಯಲ್ಲಿ ಸಡಿಲ ಹೊದಿಕೆಯೂ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅಂಗೈ ಅಂಗಾಲು ತಣ್ಣಗಿವೆ ಎಂದು ಗಾಬರಿಬಿದ್ದು ಮೇಲೆ ಮೇಲೆ ಹೊದಿಸಬಾರದು. ಹಿಂಗತ್ತನ್ನು, ಎದೆಯನ್ನು ಮುಟ್ಟಿ ನೋಡಬೇಕು. ಅಲ್ಲಿ ಬೆಚ್ಚಗಿದ್ದರೆ ಕೂಸು ಬೆಚ್ಚಗಿದೆ.

ಹೆಣಿಗೆ ಬಾರದವರು ಹಿಂಜರಿಯಬೇಕಿಲ್ಲ, ಸೂಜಿ ಹಿಡಿಯಲು ಬಂದರೆ ಕೌದಿ ಇದೆ. ನನ್ನನ್ನು ಕೇಳಿದರೆ ನಮ್ಮ ನೆಲದಲ್ಲಿ ಕೂಸಿಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ಅದೇ. ಎಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಅಜ್ಜಿಯ ಹಳೇ ಸೀರೆಯಲ್ಲಿ. ಹೊಸ ಬಟ್ಟೆ ನಾಮಕರಣದ ದಿನಕ್ಕೆ. ವರ್ಷಾನುಗಟ್ಟಲೆ ಒಗೆದು ಒಗೆದು ಗಂಜಿ ಬಿಟ್ಟ ಹತ್ತಿಸೀರೆಯಷ್ಟು ಮೃದುವಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಥ ಸೀರೆಗಳನ್ನು ಮೂರು ನಾಲ್ಕು ಪದರ ಹಾಸಿ, ಬೆರಳಗಲಕ್ಕೊಂದು ಸಾಲಿನಂತೆ ಓಡುಹೊಲಿಗೆ ಹಾಕಿದರೆ ಕೌದಿ. ಹತ್ತಿ ತುಂಬುವುದಿಲ್ಲ, ಗುಡ್ಡೆ ಕಟ್ಟುವುದಿಲ್ಲ, ಎಷ್ಟು ಒಗೆದರೂ ಪದರ ಸರಿಯುವುದಿಲ್ಲ. ನೆಲಕ್ಕೆ ಹಾಸಿ ಕೂಸನ್ನು ಬೋರಲು ಹಾಕಿ ಆಡಿಸಲು, ಮಡಿಲಿಗೆ ಹಾಕಿಕೊಳ್ಳಲು, ಬಿಸಿಲು ಕಾಯಿಸಲು ಇದಕ್ಕೆ ಸಮನಾದ್ದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಆಫ್ರಿಕದ ಮೂಲದ ಈ ಜನರ ಕೈಯಲ್ಲಿ ಕೌದಿಗೆ ಬೇರೆಯದೇ ಗತಿ ಬರುತ್ತದೆ. ಅಂಚಿನಿಂದ ಹೊಲಿಯಲು ತೊಡಗಿ, ಬಣ್ಣದ ತುಂಡುಗಳನ್ನು ಕೂರಿಸಿಕೊಳ್ಳುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ಗೆರೆ ಎಳೆದುಕೊಂಡ ನಕ್ಷೆ ಇರುವುದಿಲ್ಲ, ಮುಂದಿನ ತುಂಡು ಯಾವುದೆಂದು ಆಗಲೇ ತೀರ್ಮಾನ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಕಾಣಿಸುವುದುಂಟು. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಡಚಿ ‘ಫುಲಾ’ ಕೂರಿಸುತ್ತಾರೆ. ಅದಿಲ್ಲದ ಕೌದಿ ಮುಗಿದ ಹಾಗಲ್ಲ. ಮೊಮ್ಮಕ್ಕಳಿಗೆಂದು ಹೊಲಿದ ಪುಟ್ಟ ಕೌದಿಗಳಲ್ಲಿ ಬಣ್ಣದ ಸಡಗರ ಇನ್ನೂ ಹೆಚ್ಚು. ಹೊಲಿಯಲು ಪುರಸೊತ್ತಿಲ್ಲದವರು ಇಂಥ ಕೈಗಳಿಂದ ನ್ಯಾಯವಾದ ಬೆಲೆ ಕೊಟ್ಟು ಕೊಂಡು ಉಡುಗೊರೆ ಕೊಟ್ಟರೂ ಅದು ಕೈಕೆಲಸದ ಉಡುಗೊರೆಯೇ. ಚೌಕಾಸಿ ಮಾತ್ರ ಮಾಡಬೇಡಿ.

ಕಡ್ಡಿ ಹಿಡಿಯಲು ಬರುವವರಲ್ಲಿ ಒಂದು ಕೋರಿಕೆ. ಮನೆಯಲ್ಲಿ, ನೆಂಟರಲ್ಲಿ ಕೂಸುಗಳಿಲ್ಲ ಎಂದು ಕಡ್ಡಿ ಒಳಗಿಡಬೇಡಿ. 2020ರಲ್ಲಿ ನಮ್ಮ ದೇಶದಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ, ಜಗತ್ತಿನ ಯಾವ ದೇಶಕ್ಕಿಂತಲೂ ಹೆಚ್ಚು. ಈ ಮಕ್ಕಳಿಗೆ ಚರ್ಮದಡಿಯ ಕೊಬ್ಬು ಕಮ್ಮಿ, ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕಾವು ಬೇಗ ಸೋರಿಹೋಗುತ್ತದೆ. ಕೊಲಂಬಿಯದ ಬೊಗೊಟಾ ನಗರದಲ್ಲಿ 1978ರಲ್ಲಿ ಶುರುವಾದ, ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇರುವ ‘ಕಾಂಗರೂ ತಾಯಿ ಆರೈಕೆ’ಯಲ್ಲಿ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಇಡುತ್ತಾರೆ. ಆಗ ಕೂಸಿನ ಮೈಮೇಲೆ ಇರುವುದು ಟೋಪಿ, ಕಾಲುಚೀಲ, ಲಂಗೋಟಿ, ಹೆಚ್ಚೆಂದರೆ ಮುಂದೆ ತೆರೆದ, ತೋಳಿಲ್ಲದ ಒಂದು ಅಂಗಿ. ಈ ಹೊತ್ತಿನಲ್ಲಿ ಟೋಪಿ ನಿಜಕ್ಕೂ ಬೇಕು. 28 ವಾರಕ್ಕೆ ಹುಟ್ಟಿದ ಕೂಸಿನ ತಲೆ 26 ಸೆಂಟಿಮೀಟರ್ ಸುತ್ತಳತೆಯದು. ಅಷ್ಟು ಪುಟ್ಟ ಟೋಪಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಹೆಣೆಯಲು ಒಂದು ಸಂಜೆ ಸಾಕು.

ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಹೋಗಿ ಅಲ್ಲಿನ ಸಿಸ್ಟರನ್ನು ಮೊದಲು ಕೇಳಿ: ಯಾವ ಅಳತೆಯದು ಬೇಕು, ಹತ್ತಿಯೋ ಉಲ್ಲನ್ನೋ, ಎಷ್ಟು ಬೇಕು, ಹೇಗೆ ಒಗೆದು ತರಬೇಕು. ಅವರು ಹೇಳಿದ್ದನ್ನು ಬರೆದುಕೊಂಡು ಬಂದು, ಆಮೇಲೆ ಹೆಣೆಯಲು ಕೂರಿ.